ಹುಣಸೆ ನೀರಿನಲ್ಲಿ ನಾಲ್ಕು ಬೋಲ್ಟು

ಅಕ್ಟೋಬರ್ 18, 1974. ಶಿವಾಲ

ಬೆಳಿಗ್ಗೆ ಮತ್ತೆ ಕ್ರ್ಯಾಂಕ್ ತೊಳೆದೆ. ಸೀಮೆಎಣ್ಣೆ, ಬ್ರಷ್, ಹರಿದ ಬನಿಯನ್ನು. ನಿನ್ನೆ ತೊಳೆದು ಇಟ್ಟದ್ದರ ಮೇಲೆ ಬೆಳಗಾಗುವುದರೊಳಗೆ ತೆಳ್ಳನೆ ಬೂದಿ. ಗಾಳಿ ಹರಿಶ್ಚಂದ್ರ ಘಾಟಿನ ಚಿತೆಗಳ ಕಡೆಯಿಂದ. ಯಾರ ಬೂದಿಯೋ. ಒರೆಸಿದೆ.

ದಸರೆ ರಜೆ. ಲೋಹಶಾಸ್ತ್ರದ ಮೇಷ್ಟ್ರು ನಾನು, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ರೇಸಿನ ಎಂಜಿನ್ ಕಟ್ಟುತ್ತಿದ್ದೇನೆ. ಯಾರಿಗಾಗಿ? ಹೆಂಡತಿಯ ತಮ್ಮ ಅಮರಯ್ಯನಿಗಾಗಿ, ಎಂದು ಎಲ್ಲರಿಗೂ ಹೇಳಿದ್ದೇನೆ. ಮಿಲಿಟರಿ ಹರಾಜಿನಲ್ಲಿ ಸಿಕ್ಕ ಇಂಗ್ಲಿಷ್ ಬೈಕು, ಎರಡು ಸಿಲಿಂಡರ್. ಹೊಸ ಪಿಸ್ಟನ್ನು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸಲು ಉಜ್ಜಿ ಹಗುರ ಮಾಡಿದ ಎರಡು ರಾಡು. ನವೆಂಬರ್ ಮೂರನೆಯ ವಾರ ಕಲ್ಕತ್ತೆಯ ಹತ್ತಿರ ಯಾವುದೋ ಹಳೆ ರನ್‌ವೇ ಮೇಲೆ ರೇಸು. ಅವನಿಗೆ ಮೊದಲನೆಯದು.

ಹತ್ತಕ್ಕೆ ಬಂದ. ಬಾಯಿ ತುಂಬ ಪಾನ್. ಮತ್ತೆ ಹೇಳಿದೆ: ರಾಡಿನ ಬೋಲ್ಟು ಬಿಗಿಯುವುದು ತೋಳಿನ ಕೆಲಸವಲ್ಲ. ಬೋಲ್ಟು ಒಂದು ಸ್ಪ್ರಿಂಗು. ಕೂದಲೆಳೆಯಷ್ಟು ಹಿಗ್ಗಬೇಕು, ಬಿಟ್ಟರೆ ಮೊದಲಿನ ಉದ್ದಕ್ಕೆ ಬರಬೇಕು. ಕಡಿಮೆ ಹಿಗ್ಗಿದರೆ ಹಿಡಿತವಿಲ್ಲ. ಹೆಚ್ಚು ಹಿಗ್ಗಿದರೆ ಮತ್ತೆ ಬಾರದು.

"ಜೀಜಾಜಿ, ಲಹರ್‌ತಾರಾದ ಮಿಸ್ತ್ರಿ ಕೈ ಅಂದಾಜಿನಾಗ ಬಿಗೀತಾನ. ಅವನ ಗಾಡಿ ಓಡಂಗಿಲ್ಲೇನು?"

"ಓಡಿದ್ದು ನೋಡೀದಿ. ಒಡದದ್ದು ನಿನಗ ಯಾಕ ತೋರಸ್ತಾನ?"

"ನೀವು ಬೋಲ್ಟಿಗೂ ಜಾತಕ ಬರೀತೀರಿ ನೋಡ್ರಿ." ಮೆಟ್ಟಿಲ ಮೂಲೆಗೆ ಉಗಿದು ಹೋದ. ಕೆಂಪು, ದಪ್ಪ, ಗೋಡೆಯಿಂದ ಇಳಿಯುತ್ತಿದೆ. ಅದರ ಎದುರೇ ಊಟಕ್ಕೆ ಕೂತೆ.

ಅಕ್ಟೋಬರ್ 21

ಹಯವದನ ಬಂದಿದ್ದರು. ಮೈಸೂರಿನವರು, ನಮ್ಮ ಕಾಲೇಜಿನ ವರ್ಕ್‌ಶಾಪ್ ನೋಡಿಕೊಳ್ಳುವವರು. ಟಾರ್ಕ್ ರೆಂಚ್ ಕೊಟ್ಟು ಹೋದರು — ಎಷ್ಟು ಬಲ ಬಿತ್ತೆಂದು ಮುಳ್ಳು ತೋರಿಸುವ ಪಾನಾ. ಕಲ್ಕತ್ತೆಯಿಂದ ಬೋಲ್ಟುಗಳನ್ನೂ ತಂದಿದ್ದರು. ನಾಲ್ಕು. ಬೇರೆ ಸೆಟ್ಟು ಅಂಗಡಿಯಲ್ಲಿ ಇರಲಿಲ್ಲ.

ಮೈಕ್ರೋಮೀಟರ್ ಹಿಡಿದು ಒಂದೊಂದರ ಉದ್ದ ಬರೆದುಕೊಂಡೆ. ಹೆಂಡತಿ ಜಗದಾಂಬ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ದೇವರಿಗೆ ಹಿಂಗ ಉಪಚಾರ ಮಾಡಿದ್ರ ಪುಣ್ಯಾನರ ಬರ್ತಿತ್ತು."

"ಇದು ಮುರದ್ರ ರಾಡು ಎಂಜಿನ್ ಒಡಕೊಂಡು ಹೊರಗ ಬರ್ತದ. ಹಿಂದಿನ ಗಾಲಿ ಸೆಟದು ನಿಲ್ತದ. ಮ್ಯಾಲ ಕುಂತಾಂವ ನಿಲ್ಲಂಗಿಲ್ಲ."

ಬೋಲ್ಟುಗಳ ಮೇಲೆ ಬಗ್ಗಿ ನೋಡಿದಳು. "ಹಂಗಾರ ಅಮರನ ಜೀವ ಈ ನಾಕರಾಗ ಐತಿ ಅನ್ರಿ."

"ಹೌದು."

ಹೇಳುವಾಗ ಒಂದು ಬಗೆಯ ಸುಖವಾಯಿತು. ಈಗ ಅದನ್ನು ಬರೆಯಲು ನಾಚಿಕೆ.

ಅಕ್ಟೋಬರ್ 25

ಹಬ್ಬ ಮುಗಿಯಿತು. ಎರಡು ದಿನ ಎಂಜಿನ್ ಕೋಣೆಗೆ ಹೋಗಲಿಲ್ಲ. ಖಂಡೇಪೂಜೆಗೆ ಆಯುಧ ಮುಟ್ಟುವಂತಿಲ್ಲ ಎಂದು ಜಗದಾಂಬ. ವಾದ ಬೇಡವಾಗಿ ಘಾಟಿನ ಮೇಲೆ ಅಲೆದೆ. ಕೊಳೆತ ಚೆಂಡುಹೂವು, ಎಮ್ಮೆ, ಸಾಬೂನಿನ ನೊರೆ, ಅದೇ ನೀರಿನಿಂದ ಆಚಮನ.

ಇಂದು ಬಾಗಿಲು ತೆರೆದರೆ ಪಾನಾಗಳಿಗೆಲ್ಲ ವಿಭೂತಿ. ಕ್ರ್ಯಾಂಕಿಗೆ ಕುಂಕುಮ. ಮಣೆಯ ಮೇಲೆ, ಬಿಲ್ವಪತ್ರೆಯ ನಡುವೆ, ನಾಲ್ಕು ಬೋಲ್ಟು. ಬೆಳ್ಳಗೆ. ಹಯವದನ ತಂದಾಗ ಕಪ್ಪಗಿದ್ದವು.

"ಎಣ್ಣಿ ಜಿಡ್ಡ ಹಿಡದು ಕರ್ರಗ ಇದ್ವುಲ್ಲಾ. ಪೂಜಿ ತಂಬಿಗಿ ಜೋಡಿ ಹುಣಸಿ ನೀರಾಗ ಇಟ್ಟೆ. ಒಂದು ರಾತ್ರಿಗೆ ಹೋಗಲಿಲ್ಲ, ಎರಡು ರಾತ್ರಿ ಇಟ್ಟೆ. ನೋಡ್ರಿ, ಬೆಳ್ಳಿ ಆದಂಗ ಆಗ್ಯಾವ."

ಜಗದಾಂಬಳ ಮುಖದಲ್ಲಿ ಎಂಥ ತೃಪ್ತಿ.

ಹುಳಿ ತಾಗಿದ ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಇಳಿಯುತ್ತದೆ. ಹೊರಗೆ ಗುರುತಿಲ್ಲ. ಅಳತೆಗೂ ಸಿಗದು. ಬಿಗಿದು ಇಟ್ಟ ಮೇಲೆ ಯಾವಾಗಲೋ — ಒಂದು ಗಂಟೆಗೋ, ವಾರಕ್ಕೋ — ಪಟ್ಟನೆ ಮುರಿಯುತ್ತದೆ. ಪ್ರತಿ ವರ್ಷ ಇದನ್ನೇ ಪಾಠ ಹೇಳುತ್ತೇನೆ. ಹುಣಸೆ ಮಂದ ಹುಳಿ. ಏನೂ ಆಗಿರಲಾರದು. ಆಗಿರಲೂಬಹುದು.

"ಚಲೋ ಆಗ್ಯಾವ" ಎಂದೆ.

ಅಕ್ಟೋಬರ್ 26

ಕಲ್ಕತ್ತೆಗೆ ತಂತಿ ಕೊಡಬಹುದು. ಅಂಗಡಿಯಲ್ಲಿ ಬೇರೆ ಸೆಟ್ಟಿಲ್ಲ, ಹೊರಗಿನಿಂದ ತರಿಸುವಷ್ಟರಲ್ಲಿ ರೇಸು ಮುಗಿದಿರುತ್ತದೆ. ಕಾರಣವನ್ನೂ ಹೇಳಬೇಕು. ಹೇಳಿದರೆ ಅಮರಯ್ಯ ಅಕ್ಕನ ಮೇಲೆ ಹಾರುತ್ತಾನೆ. ಅವಳು ಅತ್ತು, ಮೂರು ದಿನ ಉಣ್ಣದೆ, ನನ್ನನ್ನು ನೋಡುತ್ತಾ ಕೂರುತ್ತಾಳೆ.

ಇನ್ನೊಂದು ದಾರಿ: ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಒಳಗಿನದು ಹೊರಗೆ ಹೋಗುತ್ತದೆ. ಬೇಗ ಮಾಡಿದ್ದರೆ. ಡಿಪಾರ್ಟ್‌ಮೆಂಟಿನ ಕುಲುಮೆಗೆ ಬೀಗ, ಬೀಗದ ಕೈ ಇದ್ದವನು ಊರಿಗೆ. ಕೊನೆಗೆ ಸೋನಾರ್‌ಪುರಾದ ಕಡಲೆ ಹುರಿಯುವವನ ಹತ್ತಿರ ಹೋದೆ. ಬಿಸಿ ಮರಳಿನಲ್ಲಿ ಬೋಲ್ಟು ಹೂಳಿಸಿದೆ. ಅವನು ಬಿದ್ದು ಬಿದ್ದು ನಕ್ಕ. ಬೀದಿಯವರನ್ನೆಲ್ಲ ಕರೆದ.

"ಅರೇ ದೇಖೋ, ಮಾಸ್ಟರ್‌ಸಾಹಬ್ ಲೋಹೇ ಕೇ ಚನೇ ಭುನ್‌ವಾ ರಹೇ ಹೈಂ! ನಮಕ್ ಡಾಲೂಂ, ಬಾಬೂಜಿ?"

ಕಬ್ಬಿಣದ ಕಡಲೆ, ಉಪ್ಪು ಬೇಕೇ ಎಂದು. ನಮ್ಮಲ್ಲೂ ಇದೆ ಆ ಮಾತು. ನಗು ಬರಲಿಲ್ಲ. ಮಧ್ಯಾಹ್ನವೆಲ್ಲ ಹೊಗೆಯಲ್ಲಿ ಕೂತೆ. ಶಾಖ ಎಷ್ಟೆಂದು ಗೊತ್ತಿಲ್ಲ. ಆಡೊಂದು ಪ್ಯಾಂಟಿನ ಅಂಚು ಅಗಿಯುತ್ತಿತ್ತು. ಇಪ್ಪತ್ತು ವರ್ಷದ ಲೋಹಶಾಸ್ತ್ರ ಬಂದು ನಿಂತದ್ದು ಇಲ್ಲಿ.

ಅಕ್ಟೋಬರ್ 29

ಬಿಗಿದೆ. ಎಣ್ಣೆ ಸವರಿ, ಒಂದೇ ಸಲಕ್ಕೆ ಎಳೆಯದೆ, ಎರಡೂ ಕಡೆ ಸಮನಾಗಿ, ಮೂರು ಹಂತದಲ್ಲಿ. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಹಿಗ್ಗಿದ್ದನ್ನು ಅಳೆದೆ. ನಾಲ್ಕೂ ಸರಿ. ಜೀವನದಲ್ಲಿ ಇಷ್ಟು ಸರಿಯಾಗಿ ಏನನ್ನೂ ಮಾಡಿಲ್ಲ. ಆದರೂ ಬೋಲ್ಟುಗಳ ಮೇಲೆ ನಂಬಿಕೆಯಿಲ್ಲ.

ಬಿಗಿದದ್ದನ್ನು ಕೆಲವು ದಿನ ಹಾಗೇ ಬಿಡಬೇಕು. ಮುರಿಯುವುದಿದ್ದರೆ ಇಲ್ಲೇ ಮುರಿಯಲಿ. "ಲೋಹ ಕೂಡಬೇಕು, ಒಂದು ವಾರ ಮುಟ್ಟಬ್ಯಾಡ" ಎಂದೆ ಅಮರಯ್ಯನಿಗೆ.

"ಲೋಹಾ ಏನ್ ಕೂಸೇನ್ರಿ ಜೀಜಾಜಿ, ಜೋಗುಳ ಹಾಡ್ಲಿಕ್ಕೆ? ರೇಸ್ ಸಿರ್ ಪರ್ ಹೈ, ತಲಿ ಮ್ಯಾಲ ಬಂದದ!"

ನವೆಂಬರ್ 4

ಎಂಜಿನ್ನಿನ ಕೇಸು ಮುಚ್ಚಲು ಅಮರಯ್ಯ ಬೆಳಿಗ್ಗೆಯೇ ಬಂದ. ವಾರಕ್ಕೆ ಇನ್ನೂ ಒಂದು ದಿನ ಬಾಕಿ ಎಂದರೂ ಕೇಳಲಿಲ್ಲ. ಕೊನೆಯ ಸಲ ನೋಡುತ್ತೇನೆಂದು ಪಾನಾ ಇಟ್ಟೆ. ಮೊದಲನೆಯದು, ಎರಡನೆಯದು — ಗಟ್ಟಿ. ಮೂರನೆಯದರ ನಟ್ಟು ಬೋಲ್ಟಿನ ತುದಿಯ ಸಮೇತ ಕೈಗೆ ಬಂತು. ಬಲವೇ ಹಾಕಿರಲಿಲ್ಲ. ಮುರಿದ ಮುಖ ಸಕ್ಕರೆ ಹರಳಿನ ಹಾಗೆ ಮಿನುಗುತ್ತಿತ್ತು. ಪಾಠದಲ್ಲಿ ತೋರಿಸುವ ಚಿತ್ರದ ಹಾಗೇ. ಮುಷ್ಟಿಯಲ್ಲಿ ಮುಚ್ಚಿದೆ.

"ಏನಾತು?" ಅಮರಯ್ಯ.

ಜಗದಾಂಬ ಚಹಾ ಹಿಡಿದು ಬಾಗಿಲಲ್ಲಿ.

"ಜಾಸ್ತಿ ಬಿಗದೆ. ಕೈ ತಪ್ಪಿತು" ಎಂದೆ.

ಮೊದಲು ನಕ್ಕ. ಆಮೇಲೆ ಮುಖ ಕೆಂಪಾಯಿತು. "ಎರಡು ತಿಂಗಳು ನನಗ ಉಪದೇಶ! ಸ್ಪ್ರಿಂಗ್ ಅಂತ, ಕೂದಲೆಳಿ ಅಂತ! ಮಿಸ್ತ್ರಿ ಕೈಗೆ ಕೊಟ್ಟಿದ್ರ ಇಷ್ಟೊತ್ತಿಗೆ ಗಾಡಿ ಓಡಾಡ್ತಿತ್ತು. ಓದಿದ ಮಂದಿ ನೀವು, ಪಢೇ-ಲಿಖೇ ಲೋಗ್!" ಚಹಾ ಮುಟ್ಟದೆ ಹೋದ. ಈ ಸಲ ಬಾಗಿಲಿಗೇ ಉಗಿದ.

ಜಗದಾಂಬ ಲೋಟ ಎತ್ತಿಕೊಂಡಳು. "ಬಿಡ್ರಿ. ಪೂಜಿ ಮಾಡಿದ್ದಕ್ಕ ಇಲ್ಲೇ ಮುರೀತು. ಅಂವಾ ಮ್ಯಾಲ ಕುಂತಾಗ ಮುರದಿದ್ರ ಏನ್ ಗತಿ?" ಕಣ್ಣು ಮುಚ್ಚಿ ಇಷ್ಟಲಿಂಗ ಮುಟ್ಟಿಕೊಂಡಳು.

ಬಚ್ಚಲಿಗೆ ಹೋಗಿ ಕೈ ತೊಳೆದೆ. ಮತ್ತೆ ತೊಳೆದೆ.

ನವೆಂಬರ್ 7

ಹಯವದನ ಪಾನಾ ಒಯ್ಯಲು ಬಂದರು. "ಏನ್ ಸಾರ್, ಮುಳ್ಳಿರೋದು ಕೊಟ್ರೂ ಪೈಲ್ವಾನ್ ಥರ ಬಿಗಿದ್ರಂತೆ? ಕಾಮನ್ ರೂಮಲ್ಲಿ ಇನ್ನು ನಿಮ್ದೇ ಕಥೆ." ನಕ್ಕೆ. ಹಲ್ಲು ತೋರಿಸುವುದು ನಗುವೇ ಆದರೆ.

ನವೆಂಬರ್ 12

ನಾಳೆ ದೀಪಾವಳಿ. ಅಮರಯ್ಯ ಬಂದಿದ್ದ. ನನ್ನ ಜೊತೆ ಮಾತಿಲ್ಲ. ಮುಂದಿನ ವಾರದ ರೇಸಿಗೆ ಗಾಡಿ ಸಿದ್ಧವಾಗದು, ಫೆಬ್ರವರಿಯಲ್ಲಿ ಇನ್ನೊಂದು ಇದೆಯಂತೆ. ಎಂಜಿನ್ ಲಹರ್‌ತಾರಾಗೆ ಹೋಗುತ್ತದೆ. ಮಿಸ್ತ್ರಿ ಬಿಗಿಯುತ್ತಾನೆ, ಒಂದು ವಾರ ಕಾಯುವವನಲ್ಲ. ಅಮರಯ್ಯ ಎಲ್ಲಿಂದಲೋ ಹೊಸ ಬೋಲ್ಟು ತರಿಸಿದ್ದಾನೆ. ಪೊಟ್ಟಣವನ್ನು ಅಕ್ಕನ ಕೈಗೆ ಕೊಟ್ಟು ಹೋದ. "ಅಕ್ಕಾ, ನೀನು ಪೂಜಿ ಮಾಡಿ ಕೊಡು. ನಿನ್ನ ಪೂಜೀನ ನನ್ನ ಉಳಿಸಿದ್ದು."

ಸಂಜೆ ಅಡುಗೆಮನೆಗೆ ಹೋದೆ. ದೀಪದ ಕಂಬ, ತಂಬಿಗೆ, ಹರಿವಾಣ. ಪಕ್ಕದಲ್ಲಿ ಬಿಚ್ಚಿದ ಪೊಟ್ಟಣ. ಜಗದಾಂಬ ಬೋಗುಣಿಯಲ್ಲಿ ಹುಣಸೆ ಕಿವುಚುತ್ತಿದ್ದಳು.

ಬೋಲ್ಟು ಎತ್ತಿ ಜೇಬಿಗೆ ಹಾಕಿಕೊಂಡು ಬರಬಹುದಿತ್ತು. ತೊಳೆದಿದ್ದೇನೆ ಎಂದು ಇನ್ನೊಂದು ಸುಳ್ಳು. ಮುಂದಿನ ಹಬ್ಬಕ್ಕೆ ಮತ್ತೊಂದು.

"ಜಗದಾ, ಇಲ್ಲಿ ಕೂಡು" ಎಂದೆ.

"ಕೈ ಹುಳಿ ಆಗ್ಯಾವ್ರೀ."

"ಇರ್ಲಿ. ಕೂಡು."

ಕೂತಳು. ಬೆರಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮುರಿದ ತುಂಡನ್ನು ಅವಳ ಅಂಗೈಯಲ್ಲಿಟ್ಟು ಹೇಳಿದೆ. ಹುಳಿ, ಉಕ್ಕು, ಕಡಲೆ ಹುರಿಯುವವನ ಮರಳು, ಎಲ್ಲ. ಮೊದಲು ನಕ್ಕಳು. ಆಮೇಲೆ ತುಂಡನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾರ ಅವತ್ತು ಚಲೋ ಆಗ್ಯಾವ ಅಂದದ್ದು ಸುಳ್ಳೇನ್ರಿ?" ಎಂದಳು. "ಹೌದು" ಎಂದೆ.