ಅಪ್ಪನ ಕೊಡೆ, ಯಗಚಿಯ ಗಾಳಿ

ಅಮ್ಮಾ, ಫೋನಿನಲ್ಲಿ ಹೇಳಿದರೆ ಇಲ್ಲಿ ನನ್ನ ಪಕ್ಕದಲ್ಲೇ ಇರುವ ಅಪ್ಪನಿಗೆ ಕೇಳಿಸುತ್ತದೆ, ಅದಕ್ಕೇ ಈ ಕಾರ್ಡು. ನನಗೆ ವರ್ಗವಾಗಿರುವ ಈ ಬೇಲೂರೂ ನಮ್ಮ ಅರಸೀಕೆರೆಯ ಹಾಗೇ ಸುಡುತ್ತಿದೆ. ಸೆಕೆ ತಾಳಲಾರದೆ ಭಾನುವಾರ ಅಪ್ಪನನ್ನು ಯಗಚಿ ಹಿನ್ನೀರಿಗೆ ಕರೆದುಕೊಂಡು ಹೋದೆ. ಅಲ್ಲಿ ಕಾಲಿನಿಂದ ತುಳಿಯುವ ದೋಣಿಗಳಿವೆ. ಸೀಟು ಕಾದ ಕಾವಲಿಯಾಗಿತ್ತು. ಒದ್ದೆ ಗೋಣಿಚೀಲ ಹಾಸಿಕೊಂಡು ಕೂತೆವು. ತುಳಿಯುವುದೆಲ್ಲ ನಾನೇ ಎಂದು ಮೊದಲೇ ಮಾತಾಗಿತ್ತು. ಬಗ್ಗಿಸದಿದ್ದರೆ ಬಿಗಿದುಬಿಡುತ್ತದೆ ಎಂದು ಡಾಕ್ಟರು ಎಷ್ಟು ಹೇಳಿದರೂ, ಆಪರೇಷನ್ ಆದ ಮಂಡಿಯನ್ನು ಅಪ್ಪ ಎಳೆಮಗುವಿನ ಹಾಗೆ ಜೋಪಾನ ಮಾಡುವುದು ನಿನಗೆ ಗೊತ್ತಲ್ಲ.

ಸ್ವಲ್ಪ ದೂರ ಹೋದಮೇಲೆ ಬಿಸಿಲಿಗೆಂದು ಅಪ್ಪ ಮೇಷ್ಟರಾಗಿದ್ದಾಗಿನ ಆ ಕರೀ ಕೊಡೆ ಬಿಚ್ಚಿದರು. ಗಾಳಿ ಬೀಸಿತು ನೋಡು, ದೋಣಿ ತನ್ನಷ್ಟಕ್ಕೆ ನಡುನೀರಿಗೆ ಹೊರಟಿತು!

"ಕೊಡೆ ಮಡಚಿ ಸ್ವಾಮಿ, ಗಾಳಿ ಎಳ್ಕಂಡ್ ಹೋಯ್ತೈತೆ!" ಎಂದು ದಡದಿಂದ ದೋಣಿಯವನು ಕೂಗಿದ.

ಮಡಚಿದರು. ಆದರೆ ಎದುರುಗಾಳಿಗೆ ನನ್ನೊಬ್ಬಳ ಕಾಲು ಸಾಲದೆ ದೋಣಿ ನಿಂತಲ್ಲೇ ಗಿರಗಿರ ಸುತ್ತತೊಡಗಿತು.

"ತಡಿಯೇ, ನಿನ್ ಕೈಲಿ ಆಗಲ್ಲ," ಎಂದು ಗದರಿ ಅಪ್ಪ ಪಂಚೆ ಎತ್ತಿಕಟ್ಟಿ ತುಳಿಯತೊಡಗಿದರು. ದಡ ಮುಟ್ಟುವವರೆಗೂ ನಿಲ್ಲಿಸಲಿಲ್ಲ, ಅಮ್ಮಾ.

ಗಾಬರಿಯಾಗಬೇಡ, ಮಂಡಿ ಊದಿಲ್ಲ. ಇವತ್ತು ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿದರು. ನಿನಗೆ ಗೊತ್ತಾಗಿದೆ ಎಂದು ಮಾತ್ರ ತೋರಿಸಿಕೊಳ್ಳಬೇಡ. ನೀರು ಚೆನ್ನಾಗಿ ಕುಡಿ, ಮಧ್ಯಾಹ್ನ ಹಪ್ಪಳ ಕಾಯಲು ಮಹಡಿ ಹತ್ತಬೇಡ.

ಇಲ್ಲಿಗೇ ನಿಲ್ಲಿಸುತ್ತೇನೆ. ಅಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, "ಗಾಳಿ ಎದ್ದಿದೆ ಕಣೇ, ಬೇಗ ಬಾ," ಎನ್ನುತ್ತಿದ್ದಾರೆ. ಕೈಯಲ್ಲಿ ಅದೇ ಕೊಡೆ.

ಹಿತಾ