ಪಾಲಾಕ್ಷನ ತಾಟು

ಹಂಪಸಾಗರ
೧೮-೧-೧೯೯೮, ಭಾನುವಾರ

ಪ್ರೀತಿಯ ತಂಗಿ ಸುಜಾತಾ,

ನಿನ್ನ ಅಕ್ಕ ಕಲ್ಯಾಣಮ್ಮ ಮಾಡುವ ಆಶೀರ್ವಾದ. ಮೈಯಲ್ಲಿ ಹುಷಾರಾಗಿದ್ದೀಯಾ? ಆಸ್ಪತ್ರೆಯ ವರಾಂಡದಲ್ಲಿ ಬರೀ ನೆಲದ ಮೇಲೆ ಮಲಗಬೇಡ, ಕಳಿಸಿದ ಕೌದಿ ಹಾಸಿಕೋ. ಗಂಡನನ್ನು ನೋಡಿಕೊಳ್ಳುವ ಭರದಲ್ಲಿ ನೀನೂ ಮಲಗಿದರೆ ನನಗೆ ಇನ್ನೆರಡು ಕೈ ಬೇಕಾಗುತ್ತವೆ. ಪಾಲಾಕ್ಷನಿಗೆ ಎಚ್ಚರ ಬಂತೇ, ಜ್ವರ ಇಳಿಯಿತೇ? ಈಗಲೂ ಮೂಗಿನ ನಳಿಗೆಯಲ್ಲೇ ಗಂಜಿ ಬಿಡುತ್ತಿದ್ದಾರೆಯೇ?

ಮನೆಯ ಚಿಂತೆ ಬಿಡು. ನಾನು ಕೊಟ್ಟೂರಿನಿಂದ ಬಂದಾಗಿನಿಂದ ಅಡುಗೆ ನನ್ನದು, ಓಣಿಯವರೂ ಸುಮ್ಮನಿಲ್ಲ. ದ್ಯಾಮಕ್ಕ ರೊಟ್ಟಿ ಬಡಿದು ಕೊಡುತ್ತಾಳೆ, ಜೊತೆಗೆ ಸೊಸೆಯ ಮೇಲಿನ ದೂರನ್ನೂ ಕೊಟ್ಟು ಹೋಗುತ್ತಾಳೆ. ಮಕ್ಕಳಿಬ್ಬರೂ ಹೊಟ್ಟೆ ತುಂಬ ಉಣ್ಣುತ್ತಾರೆ. ಮಧ್ಯಾಹ್ನದ ಬಸ್ಸಿನ ಯರ್ರೆಪ್ಪ ನಿನ್ನ ಬುತ್ತಿಯನ್ನು ದಾವಣಗೆರೆಗೆ ಮುಟ್ಟಿಸಿ, ಖಾಲಿ ಡಬ್ಬಿಯನ್ನೂ ನಿನ್ನ ಚೀಟಿಯನ್ನೂ ಮರುದಿನ ತಂದುಕೊಡುತ್ತಾನೆ. ಪುಣ್ಯಾತ್ಮ, ಒಂದು ದಿನವೂ ತಪ್ಪಿಸಿಲ್ಲ.

ಆದರೆ ಒಂದು ಮಾತು ನಿನಗೆ ಹೇಳದೆ ನುಂಗಿಕೊಂಡಿದ್ದೆ. ನಿನ್ನ ಅತ್ತೆ ಎರ್ರೆಮ್ಮನ ಹಟ ಗೊತ್ತಲ್ಲ. ಬುತ್ತಿ ಕಟ್ಟುವ ಮೊದಲು ಮಗನ ತಾಟಿಗೆ ಬಡಿಸಿ, ಅದರ ಮುಂದೆ ಮಣೆ ಹಾಕಿ, ತಾಟಿನ ಮೇಲೆ ಬಿದಿರ ಪುಟ್ಟಿ ಮುಚ್ಚಬೇಕು. “ಮನಿ ಊಟ ಮರತ್ರ ಮನೀನ ಮರೀತಾನವ್ವಾ” ಎನ್ನುತ್ತಾರೆ. ಬಸ್ಸು ಹೋದ ಮೇಲೆ ಆ ಊಟ ಎಮ್ಮೆಗೆ. ಮುದುಕಿಯ ಸಮಾಧಾನಕ್ಕೆಂದು ನಾನೂ ಬಡಿಸಿದೆ. ಕಳೆದ ಸೋಮವಾರದಿಂದ ಎಮ್ಮೆಗೆ ಏನೂ ಉಳಿಯುತ್ತಿಲ್ಲ. ರೊಟ್ಟಿಯ ಅಂಚನ್ನು ಸುತ್ತಲೂ ಮುರಿದು ತಾಟಿನ ಬಲಗಡೆ ಗುಡ್ಡೆ ಮಾಡಿರುತ್ತದೆ. ನಾಯಿಗೆಂದು ಪಾಲಾಕ್ಷ ಚಿಕ್ಕಂದಿನಿಂದ ಬಿಡುತ್ತಾನಲ್ಲ, ಹಾಗೆಯೇ. ನಾಯಿ ಮಾತ್ರ ಅದನ್ನು ಮೂಸಿ ಹಿಂದೆ ಸರಿಯುತ್ತದೆ.

ಮಕ್ಕಳ ಕಿತಾಪತಿ ಎಂದುಕೊಂಡೆ. ಗುರುವಾರ ಅವರನ್ನು ಶಾಲೆಗೆ ಕಳಿಸಿ, ಬಾಗಿಲಿಗೆ ಅಗುಳಿ ಹಾಕಿ ನಾನೇ ತಾಟಿನ ಎದುರು ಕುಳಿತೆ. ಒಲೆಯ ಕಟ್ಟಿಗೆ ಮುಂದೆ ದೂಡಲು ಮುಖ ತಿರುಗಿಸಿದ್ದಷ್ಟೇ. ಪುಟ್ಟಿ ಎತ್ತಿದರೆ ಅದೇ ಅಂಚುಗಳ ಗುಡ್ಡೆ. ಮಣೆ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಅವತ್ತು ಶೇಂಗಾ ಚಟ್ನಿಗೆ ಖಾರ ಹೆಚ್ಚು ಬಿದ್ದಿತ್ತು, ಅದಕ್ಕೇ ನಿನ್ನ ಬುತ್ತಿಗೆ ಚಟ್ನಿ ಹಾಕಿರಲೇ ಇಲ್ಲ. ಮರುದಿನ ನಿನ್ನ ಚೀಟಿ ಬಂತು: “ಎಚ್ಚರಿಲ್ಲದಾಗ ಇವರು ಬಾಯಿ ಆಡಿಸಿ, ಚಟ್ನಿ ಖಾರ ಆಗೇತಿ ಅಂದ್ರಕ್ಕಾ.” ಇನ್ನೊಮ್ಮೆ ಓದಿ, ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಅತ್ತೆಗೆ ಸಂಭ್ರಮ. “ನನ್ ಮಗ ಉಂಡು ಹೋಗ್ಯಾನ” ಎಂದು ಓಣಿಗೆಲ್ಲ ಹೇಳುತ್ತಾರೆ. ನನಗೆ ಭಯ, ಸುಜಾತಾ. ಇಲ್ಲಿಗೆ ಬಂದು ಉಣ್ಣುವವನು ಅಲ್ಲಿ ಎಷ್ಟು ಉಳಿದಿದ್ದಾನೆ? ಅವನು ಅಲ್ಲೇ ಉಣ್ಣಬೇಕು. ಡಾಕ್ಟರು ಒಪ್ಪಿದ ಕೂಡಲೇ ನಿನ್ನ ಕೈಯಿಂದಲೇ ಒಂದು ತುತ್ತು ತಿನ್ನಿಸು. ಮೆತ್ತಗೆ ಕಲಸಿದ ಅನ್ನ ಇವತ್ತಿನ ಬುತ್ತಿಯಲ್ಲಿಡುತ್ತೇನೆ. ಈಗಲೂ ಮುಚ್ಚಿದ ತಾಟಿನ ಪಕ್ಕದಲ್ಲೇ ಕುಳಿತು ಬರೆಯುತ್ತಿದ್ದೇನೆ. ಕಣ್ಣು ಕಾಗದದ ಮೇಲಿದೆ, ಕಿವಿ ಆ ಕಡೆ ಇದೆ.

ಅತ್ತೆ ನಿಮ್ಮಿಬ್ಬರನ್ನೂ ಹರಸಿದ್ದಾರೆ. ಮಕ್ಕಳು ಅಪ್ಪನ ದಾರಿ ನೋಡುತ್ತಿದ್ದಾರೆ. ನಿನ್ನ ತಾಳಿ ಗಟ್ಟಿಯಾಗಿರಲಿ ತಾಯಿ.

ನಿನ್ನ ಅಕ್ಕ,
ಕಲ್ಯಾಣಮ್ಮ

ತಾ.ಕ.: ಬಸ್ಸಿನ ಹಾರ್ನ್ ಕೇಳಿಸಿತು. ಡಬ್ಬಿ ಕಟ್ಟುವ ಮುಂಚೆ ಪುಟ್ಟಿ ಎತ್ತಿದೆ. ಬಡಿಸಿದ್ದು ಬಡಿಸಿದ ಹಾಗೆಯೇ ಇದೆ, ರೊಟ್ಟಿಯ ಅಂಚೂ ಮುರಿದಿಲ್ಲ. ಮಣೆ ತಣ್ಣಗಿದೆ. ಅವನು ಅಲ್ಲಿ ಉಂಡನೇ, ಇಲ್ಲಾ... ಕಾಗದ ಮುಟ್ಟಿದ ಕೂಡಲೇ ಇಲ್ಲಿನ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಲ್ಲವೇ? ನೀನು ಮಾತಾಡುವವರೆಗೆ ಈ ಒಲೆ ಆರಲು ನಾನು ಬಿಡುವುದಿಲ್ಲ.