ನಿನ್ನ ಕೈಗುಣ

ಮಹಾರಾಣಿಯವರೇ,

ನೀನು ತೀರಿಕೊಂಡ ಮೇಲಾದರೂ ನನ್ನ ಹೊಟ್ಟೆಕಿಚ್ಚು ಆರೀತು ಅಂದುಕೊಂಡಿದ್ದೆ ಕಣೇ. ಇವತ್ತು ಲ್ಯಾಬಿನ ಫ್ರೀಜರ್ ಶುಚಿ ಮಾಡುವಾಗ ನೀನು ಶುದ್ಧೀಕರಿಸಿಟ್ಟಿದ್ದ ಪ್ರೋಟೀನಿನ ಟ್ಯೂಬ್ ಒಂದು ಮೂಲೆಯಲ್ಲಿ ಸಿಕ್ಕಿತು. ಕೆಟ್ಟಿರಲಿ ಎಂದು ಹಾರೈಸುತ್ತಲೇ ಪರೀಕ್ಷೆಗಿಟ್ಟೆ. ದ್ರಾವಣ ನೋಡನೋಡುತ್ತಲೇ ಹಳದಿಯಾಯಿತು. ಇಷ್ಟು ವರ್ಷವಾದರೂ ಅದರ ಚುರುಕು ಹೋಗಿಲ್ಲ. ಹೋದ ವಾರವಷ್ಟೇ ನಾನು ತಯಾರಿಸಿದ್ದು ಬಣ್ಣವನ್ನೇ ಬದಲಿಸಲಿಲ್ಲ.

"ನೋಡಮ್ಮಾ, ಅವಳ ಕೈಗುಣಾನೇ ಬೇರೆ," ಅಂದರು ನಮ್ಮ ಗೈಡ್. ಮೈಯೆಲ್ಲ ಉರಿದುಹೋಯಿತು. ಯಂತ್ರವಿದ್ದರೂ ನೀನು ಟ್ಯೂಬನ್ನು ಅಂಗೈಗಳ ನಡುವೆ ಉರುಳಿಸಿಯೇ ಬೆರೆಸುತ್ತಿದ್ದೆಯಲ್ಲ, ಯಾರೂ ಇಲ್ಲದಾಗ ನಾನೂ ಹಾಗೇ ಮಾಡುತ್ತೇನೆ. ನನಗೆ ಒಲಿಯುವುದಿಲ್ಲ.

ನಿನ್ನ ಟ್ಯೂಬಿನಲ್ಲಿ ಉಳಿದದ್ದನ್ನು ಪಕ್ಕದ ಲ್ಯಾಬಿನವರು ಕೇಳಿಕೊಂಡು ಬಂದರು. "ಎಲ್ಲಾ ಮುಗಿದೋಯ್ತು," ಅಂದೆ.

ಮುಗಿದಿಲ್ಲ. ಫ್ರೀಜರಿನ ಅದೇ ಮೂಲೆಯಲ್ಲಿ, ನನ್ನ ಟ್ಯೂಬುಗಳ ಹಿಂದೆ, ಯಾರ ಕೈಗೂ ಸಿಗದ ಹಾಗೆ ಇಟ್ಟಿದ್ದೇನೆ.